ಮಾಯಮ್ಮನ ಸಮುದ್ರಕ್ಕೆ ಆರು ಕಿಲೋಮೀಟರ್ ಅಡ್ಡ

ಬೆಳಗಿನ ಆರೂವರೆ. ಮದ್ದೂರು ನಿಲ್ದಾಣ ದಾಟಿ ಹನಕೆರೆ ಕಡೆಗೆ ಹೋಗುವ ಹಳಿಯ ಮೇಲೆ ಮಂಜು ಇನ್ನೂ ಕರಗಿಲ್ಲ. ಕಿತ್ತಳೆ ಬಣ್ಣದ ಅಂಗಿ ತೊಟ್ಟ ಚಿಕ್ಕಬೋರಯ್ಯ, ಹಳಿಯನ್ನು ಬಿಗಿಹಿಡಿದ ಕಬ್ಬಿಣದ ಕ್ಲಿಪ್ಪಿಗೆ ಸುತ್ತಿಗೆಯಿಂದ ಒಂದೇಟು ಕೊಡುತ್ತಾರೆ. ಠಣ್. ಎರಡು ಹೆಜ್ಜೆ. ಮತ್ತೆ ಠಣ್. ಮೂರನೆಯದು ಒಡಕು ಮಡಕೆಯ ಹಾಗೆ ಕೇಳುತ್ತದೆ. ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಹಿಂದೆ ಬರುತ್ತಿರುವ ನನ್ನತ್ತ ತಿರುಗುತ್ತಾರೆ.

“ಸಡ್ಲ ಆಗದೆ ಕಣಮ್ಮ. ಕಣ್ಗೆ ಕಾಣಕಿಲ್ಲ, ಕೇಳುಸ್ಕಬೇಕು.”

ರೈಲ್ವೆಯವರು ಈ ಕೆಲಸದವರನ್ನು ಕೀಮ್ಯಾನ್ ಎನ್ನುತ್ತಾರೆ. ಬೆಸಗರಹಳ್ಳಿಯ ಚಿಕ್ಕಬೋರಯ್ಯನವರಿಗೆ ಈಗ ಐವತ್ತೊಂಬತ್ತು. ಇಪ್ಪತ್ತೆಂಟು ವರ್ಷದಿಂದ ಇದೇ ಆರು ಕಿಲೋಮೀಟರ್, ಹೋಗುತ್ತ ಒಂದು ಹಳಿ, ಬರುತ್ತ ಇನ್ನೊಂದು. ಹೆಗಲಲ್ಲಿ ಸುತ್ತಿಗೆ, ಸ್ಪ್ಯಾನರ್, ಕೆಂಪು ಬಾವುಟ. ದಿನಕ್ಕೆ ನಾಲ್ಕೈದು ಕ್ಲಿಪ್ಪು ಸಡಿಲ ಸಿಗುತ್ತವೆ. ಒಂದೂ ಸಿಗದ ದಿನ ಅವರಿಗೆ ಸಮಾಧಾನವಿಲ್ಲ. ಬೇಸಿಗೆಯಲ್ಲಿ ಜಲ್ಲಿಯ ಕಾವು ಚಪ್ಪಲಿ ದಾಟಿ ಬರುತ್ತದೆ. ಬಲ ಮಂಡಿ ಸವೆದಿದೆ. ಹನ್ನೊಂದು ವರ್ಷದ ಹಿಂದೆ, ಒಂದು ಚಳಿಯ ಮುಂಜಾನೆ, ಹಳಿಯ ಬೆಸುಗೆ ಬಿಟ್ಟದ್ದನ್ನು ಕಂಡು ಬಾವುಟ ಹಿಡಿದು ಓಡಿದ್ದರು. ಗಾಡಿ ನಿಂತಿತು. ಒಳಗಿದ್ದವರು ಕಿಟಕಿಯಿಂದ ತಲೆ ಹಾಕಿ, ಯಾಕೆ ತಡ ಎಂದು ಬೈದರು.

ನಮ್ಮಜ್ಜಿಯ ಕಥೆಗಳಲ್ಲಿ ಸಮುದ್ರ ಯಾವಾಗಲೂ ಏಳಿರುತ್ತಿದ್ದವು. ಚಿಕ್ಕಬೋರಯ್ಯನವರ ಹೆಂಡತಿ ಮಾಯಮ್ಮ ಒಂದನ್ನೂ ಕಂಡಿಲ್ಲ. ರೈಲ್ವೆ ನೌಕರರಿಗೆ ಸಿಗುವ ಉಚಿತ ಪಾಸಿನಲ್ಲಿ ಇಬ್ಬರೂ ಮಂಗಳೂರಿಗೆ ಹೊರಟದ್ದು ಒಮ್ಮೆ ಮಾತ್ರ, ಹೋದ ವರ್ಷ. ಸಂಜೆಯ ಪ್ಯಾಸೆಂಜರ್ ಹಿಡಿದು ಮೈಸೂರು, ಅಲ್ಲಿಂದ ರಾತ್ರಿಯ ಗಾಡಿ, ಬೆಳಗ್ಗೆ ಕಡಲು. ಎರಡು ದಿನದ ಲೆಕ್ಕ.

“ಮದ್ದೂರು ಬುಟ್ಟು ಅನಕೆರೆಗೆ ಅರ್ಧ ದಾರಿನೂ ಬಂದಿರ್ಲಿಲ್ಲ, ಟಕ್ ಟಕ್ ಅಂತು,” ಎನ್ನುತ್ತಾರೆ ಚಿಕ್ಕಬೋರಯ್ಯ. “ನನ್ ಕಂಬೀಲಿ ಆ ಸದ್ದು ಇರ್ನಿಲ್ಲ.”

ಮುಂದಿನದನ್ನು ಮಾಯಮ್ಮ ಹೇಳುತ್ತಾರೆ, ಮನೆಯಲ್ಲಿ ಕಾಫಿ ಲೋಟ ಕೈಗಿಡುತ್ತ. “ಅನಕೆರೇಲಿ ಗಾಡಿ ನಿಲ್ತು. ಇವ್ರು ಇಳಿ ಇಳಿ ಅಂದ್ರು. ಯಾಕ್ರೀ ಅನ್ನೋವಷ್ಟ್ರಲ್ಲಿ ಬ್ಯಾಗು, ಡಬ್ಬಿ, ನಾನು, ಎಲ್ಲ ಪ್ಲಾಟ್‌ಫಾರಂ ಮ್ಯಾಲೆ. ಇವ್ರು ಸ್ಟೇಷನ್ನೋರ್ಗೆ ಒಂದ್ ಮಾತ್ ಯೋಳಿ, ಬಂದ್ ದಾರೀಲೇ ಬಿರ್ರನೆ ವಾಪಸ್ ನಡೆದ್ಬುಟ್ರು.”

ಒಂದೊಂದೇ ಕ್ಲಿಪ್ಪು ಮುಟ್ಟಿ ನೋಡಿ ಅವರು ಹಿಂತಿರುಗುವಷ್ಟರಲ್ಲಿ ಮೈಸೂರಿನ ರಾತ್ರಿ ಗಾಡಿ ಕೈತಪ್ಪಿತ್ತು. ಹಳಿಯಲ್ಲಿ ಏನೂ ಇರಲಿಲ್ಲ. ಹಸಿದ ಗಂಡನಿಗೆ ಕೊಡಲೆಂದು ಮಾಯಮ್ಮ ನಿಪ್ಪಟ್ಟಿನ ಸ್ಟೀಲ್ ಡಬ್ಬಿಯನ್ನು ಬೆಂಚಿನ ಕೆಳಗಿನಿಂದ, ಅದರ ಕಬ್ಬಿಣದ ಕಾಲಿಗೆ ತಾಗಿಸಿಕೊಂಡೇ ಎಳೆದರು. ಟಕ್ ಟಕ್.

“ಅದೇಯಾ!” ಅಂದರಂತೆ ಚಿಕ್ಕಬೋರಯ್ಯ.

“ಸೀಟಿನ ಕೆಳಗೆ ಬಡ್ಕೋತಿದ್ದದ್ದು ನನ್ ಡಬ್ಬಿ! ಇಪ್ಪತ್ತೆಂಟ್ ವರ್ಸದ ಕಿವಿ ಅಂತೆ, ಕಿವಿ!” ಮಾಯಮ್ಮ ಈಗಲೂ ನಗುವುದಿಲ್ಲ. “ಮಂಗಳೂರು ಇರ್ಲಿ, ಮಂಡ್ಯನೂ ಕಾಣ್ನಿಲ್ಲ ನಾನು.”

“ಸದ್ದು ಗಾಡೀದಾದ್ರೆ ಗಾಡಿ ಜೊತೇಲಿ ಓಯ್ತದೆ, ಕಂಬೀದಾದ್ರೆ ಅಲ್ಲೇ ಉಳೀತದೆ,” ಎಂದು ಚಿಕ್ಕಬೋರಯ್ಯ ನನಗೆ ವಿವರಿಸುತ್ತಾರೆ. “ಅದು ಓಯ್ತದಾ ಉಳೀತದಾ ಅಂತ ಕೇಳೋವಷ್ಟು ತಾಳ್ಮೆ ನಂಗಿರ್ನಿಲ್ಲ. ಇದ್ದಿದ್ರೂ ಇಳೀತಿದ್ದೆ, ಬುಡಿ.”

ಬರುವ ಶನಿವಾರ ಮತ್ತೆ ಹೊರಡುತ್ತಿದ್ದಾರೆ. ಇನ್ನೆಂಟು ತಿಂಗಳಿಗೆ ಚಿಕ್ಕಬೋರಯ್ಯನವರ ನಿವೃತ್ತಿ. ಈ ಸಲ ನಿಪ್ಪಟ್ಟು ಬಟ್ಟೆಯ ಗಂಟಿನಲ್ಲಿ. ಮಾಯಮ್ಮನ ಷರತ್ತು ಒಂದೇ: “ಇಳಿಯೋರು ಇಳ್ಕಳ್ಳಿ. ನಾನ್ ಇಳಿಯಾಕಿಲ್ಲ. ಸಮುದ್ರ ನೋಡ್ಕಂಡು ಬಂದು ಎಂಗದೆ ಅಂತ ಯೋಳ್ತೀನಿ.”

ಮತ್ತೆ ಹಳಿಯ ಬಳಿ. ಪಕ್ಕದ ಮಾರ್ಗದಲ್ಲಿ ಗಾಡಿಯೊಂದು ಬರುವ ಸದ್ದು. ಚಿಕ್ಕಬೋರಯ್ಯ ಪಕ್ಕಕ್ಕೆ ಸರಿದು, ಅದು ಪೂರ್ತಿ ದಾಟುವವರೆಗೆ ಕಣ್ಣು ಮುಚ್ಚಿ ಕೇಳುತ್ತಾರೆ. ಸಮುದ್ರದ ಬಗ್ಗೆ ಅವರಿಗೇನಾದರೂ ಆಸೆಯಿದೆಯೇ ಎಂದರೆ ಸುತ್ತಿಗೆಯನ್ನು ಇನ್ನೊಂದು ಹೆಗಲಿಗೆ ಬದಲಾಯಿಸುತ್ತಾರೆ.

“ಅದು ಅವ್ಳ ಆಸೆ. ಶನಿವಾರ ಈ ಆರು ಕಿಲೋಮೀಟರ್ ದಾಟೋವಾಗ ನಂಗೆ ನಿದ್ದೆ ಬಂದ್ಬುಡಬೇಕು. ಬಂತು ಅಂದ್ರೆ, ಕೆಲ್ಸ ನೆಟ್ಟಗೆ ಮಾಡಿದ್ದೀನಿ ಅಂತ.”