ಕೈಚೀಲದಲ್ಲಿ ಇರಬೇಕಾದದ್ದು

ಗಾಂಧಿ ಬಜಾರಿನ ಸುತ್ತಮುತ್ತ ಶೀನಣ್ಣನವರನ್ನು ಜನ ಈಗ ಹಡಗಿನ ಮೇಷ್ಟ್ರು ಎಂದೇ ಗುರುತಿಸುತ್ತಾರೆ. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವರು; ಆ ಕಾಲದಲ್ಲಿ ಅವರಿಗೆ ಅಡ್ಡಹೆಸರಿಡುವ ಧೈರ್ಯ ಯಾವ ಹುಡುಗನಿಗೂ ಇರಲಿಲ್ಲ. ಹಡಗಿನ ಮೇಲೆ ಅವರು ಕಳೆದದ್ದಾದರೂ ಎಷ್ಟು? ಒಂದೇ ಒಂದು ದಿನ. ಅಷ್ಟಕ್ಕೇ ಹಡಗಿನ ಮೇಷ್ಟ್ರು ಆಗಿಬಿಟ್ಟರೇ ಎಂದು ನಗುವವರು ನಗಲಿ. ಆ ಒಂದು ದಿನದಲ್ಲಿ ಅವರು ಕಲಿತ ಪಾಠ ಯಾವ ಶತ್ರುವಿಗೂ ಬೇಡ.

ಎನ್.ಆರ್. ಕಾಲೋನಿಯಲ್ಲಿ, ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ, ಅವರ ಹಳೆಯ ಶಿಷ್ಯ ಅನಿಲ್ ಕುಮಾರ್ ಪ್ರವಾಸದ ಆಫೀಸು ಇಟ್ಟುಕೊಂಡಿದ್ದಾನೆ. ಕಾಶಿ, ರಾಮೇಶ್ವರ ಮುಗಿಸಿದ ನಮ್ಮ ಬಸವನಗುಡಿ ಚಾಮರಾಜಪೇಟೆಯ ನಿವೃತ್ತರಿಗೆ ಈಚೆಗೆ ಐಷಾರಾಮಿ ಹಡಗಿನ ಹುಚ್ಚು ಹಿಡಿದಿದೆ. ಹೊರಡುವ ಮುಂಚಿನ ಶನಿವಾರ ಹನ್ನೊಂದು ಗಂಟೆಗೆ ಅವರನ್ನೆಲ್ಲ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂರಿಸಿ, ಒಂದು ಗಂಟೆ ಬುದ್ಧಿ ಹೇಳುವುದು ಶೀನಣ್ಣನವರ ಕೆಲಸ. ಸಂಬಳವಿಲ್ಲ, ಕೆಳಗಿನಿಂದ ಒಂದು ಲೋಟ ಕಾಫಿ ಬರುತ್ತದೆ ಅಷ್ಟೆ. ಒಂದೂವರೆ ವರ್ಷದಿಂದ ಒಂದು ಶನಿವಾರವನ್ನೂ ಅವರು ತಪ್ಪಿಸಿಲ್ಲ.

"ಇಳಿಯೋಕೆ ಮುಂಚೆ ಹಡಗಿನ ಗಡಿಯಾರ ನೋಡ್ಕೊಳ್ಳಿ. ಊರಿನ ಟೈಮೇ ಬೇರೆ ಇರಬಹುದು, ಹಡಗಿನ ಟೈಮೇ ಬೇರೆ. ನಾಲ್ಕಕ್ಕೆ ವಾಪಸ್ ಬನ್ನಿ ಅಂದ್ರೆ ಮೂರಕ್ಕೇ ಬಂದಿರಿ. ಅದು ಬಿಎಂಟಿಸಿ ಬಸ್ಸಲ್ಲ, ಕೈ ಅಡ್ಡ ಹಿಡಿದ್ರೆ ನಿಲ್ಲೋಕೆ," ಎನ್ನುತ್ತಾರೆ. ಜನ ನಗುತ್ತಾರೆ. "ರೂಮು ಹಡಗಿನ ಮಧ್ಯದಲ್ಲಿ, ಕೆಳಗಿನ ಅಂತಸ್ತಲ್ಲಿ ಕೇಳಿ ತಗೊಳ್ಳಿ. ತುದೀಲಿ ತಗೊಂಡ್ರೆ ತೊಟ್ಟಿಲು ತೂಗಿದ ಹಾಗೆ ತೂಗತ್ತೆ. ತೊಟ್ಟಿಲಲ್ಲಿ ಮಲಗೋ ವಯಸ್ಸು ನಮ್ದಲ್ಲ. ಮೊದಲನೇ ದಿನಾನೇ ಊಟದ ಹಾಲಿನ ಮ್ಯಾನೇಜರ್‌ನ ಕರೆದು, ಮೊಟ್ಟೆ ತಿನ್ನಲ್ಲ, ಬೆಳ್ಳುಳ್ಳಿ ತಿನ್ನಲ್ಲ, ಏನೇನು ತಿನ್ನಲ್ವೋ ಎಲ್ಲಾ ಹೇಳ್ಬಿಡಿ. ಅವರು ಮಾಡಿಕೊಡ್ತಾರೆ. ನಾಚ್ಕೊಂಡು ಐದು ದಿನ ಬ್ರೆಡ್ಡು ಜಾಮಲ್ಲೇ ಕಾಲ ಹಾಕಬೇಡಿ. ಸೈರನ್ ಹಾಕಿ ಲೈಫ್ ಜಾಕೆಟ್ ಹಾಕ್ಕೊಳ್ಳೋದು ತೋರಿಸ್ತಾರೆ, ಆಗ ಸೆಲ್ಫಿ ತಗೋತಾ ನಿಂತ್ಕೋಬೇಡಿ."

ಇಷ್ಟೆಲ್ಲ ನಗುನಗುತ್ತಲೇ ಹೇಳುತ್ತಾರೆ. ಆಮೇಲೆ ಅವರ ದನಿ ಬದಲಾಗುತ್ತದೆ. ದೊಡ್ಡ ಸೂಟ್‌ಕೇಸನ್ನು ಬಂದರಿನಲ್ಲೇ ಹಡಗಿನವರ ಕೈಗೆ ಕೊಡಬೇಕು, ಅದು ಸ್ಕ್ಯಾನ್ ಆಗಿ ರೂಮಿನ ಬಾಗಿಲಿಗೆ ಬರುವಾಗ ಸಂಜೆಯಾಗುತ್ತದೆ, ಆದ್ದರಿಂದ ಔಷಧಿ ಯಾವತ್ತೂ ಅದರಲ್ಲಿರಕೂಡದು ಎಂದು ವಿವರಿಸುತ್ತಾರೆ. ವಿವರಿಸಿ, ಅರವತ್ತು ಎಪ್ಪತ್ತು ದಾಟಿದ ಆ ಜನರಿಂದ ಮಗ್ಗಿ ಹೇಳಿಸಿದ ಹಾಗೆ ಹೇಳಿಸುತ್ತಾರೆ.

"ಔಷಧಿ ಎಲ್ಲಿರಬೇಕು?"

"ಕೈಚೀಲದಲ್ಲಿ."

"ಇನ್ನೊಂದು ಸಲ."

"ಕೈಚೀಲದಲ್ಲಿ!"

ಮೇಷ್ಟ್ರ ಹೆಂಡತಿ ಸುಂದರಮ್ಮ ಹಡಗಿನಲ್ಲೇ ತೀರಿಕೊಂಡರು, ಔಷಧಿ ಸೂಟ್‌ಕೇಸಿನಲ್ಲಿ ಉಳಿದಿತ್ತು ಎನ್ನುವುದು ಅನಿಲ್ ಕುಮಾರನಿಗೆ ಗೊತ್ತಿತ್ತು, ಬಡಾವಣೆಗೂ ಗೊತ್ತಿತ್ತು. ಪಾಪ, ತಮಗಾದದ್ದು ಇನ್ನೊಬ್ಬರಿಗೆ ಆಗದಿರಲಿ ಎಂದು ಹೇಳಿಕೊಡುತ್ತಾರೆ, ಎಂಥ ದೊಡ್ಡ ಮನಸ್ಸು ಎಂದು ಎಲ್ಲರೂ ಹೊಗಳುತ್ತಿದ್ದರು. ಹೊಗಳಿಕೆ ಕೇಳಿದಾಗ ಶೀನಣ್ಣ ನೆಲ ನೋಡುತ್ತಿದ್ದರು. ಅದನ್ನೂ ಜನ ವಿನಯವೆಂದೇ ತಿಳಿದರು. ದೊಡ್ಡ ಮನಸ್ಸೂ ಅಲ್ಲ, ವಿನಯವೂ ಅಲ್ಲ. ನಡೆದದ್ದು ಅರ್ಧ ಮಾತ್ರ ಊರಿಗೆ ಗೊತ್ತಿತ್ತು. ಉಳಿದರ್ಧ ಅವರ ಹೊಟ್ಟೆಯೊಳಗೇ ಇತ್ತು.

ಎರಡು ವರ್ಷದ ಹಿಂದೆ ಅವರ ಮದುವೆಗೆ ನಲವತ್ತು ತುಂಬಿತು. ಇರುವವಳು ಒಬ್ಬಳೇ ಮಗಳು, ಬಿಂದು. ಮಲ್ಲೇಶ್ವರದಲ್ಲಿ ಗಂಡ, ಮಗಳು ಇಂಚರಾಳೊಂದಿಗೆ ಸಂಸಾರ, ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಅಪ್ಪ ಅಮ್ಮನಿಗೆಂದು ಮುಂಬೈಯಿಂದ ಹೊರಡುವ ಐದು ದಿನದ ಹಡಗಿನಲ್ಲಿ ಅವಳೇ ಟಿಕೆಟ್ ಮಾಡಿಸಿದಳು. ಎನ್.ಆರ್. ಕಾಲೋನಿಯ ಮನೆಗೆ ಬಂದು ಅವಳೇ ಸೂಟ್‌ಕೇಸು ತುಂಬಿದಳು. ಸುಂದರಮ್ಮನಿಗೆ ಉಬ್ಬಸದ ಕಾಯಿಲೆ ಹಳೆಯದು, ಆದರೆ ವರ್ಷದಿಂದ ತಲೆಯೆತ್ತಿರಲಿಲ್ಲ. ಕೈಚೀಲದ ತುಂಬ ಕೋಡುಬಳೆ, ಚಟ್ನಿಪುಡಿ, ಅವಲಕ್ಕಿ ತುರುಕಿದ್ದರಿಂದ ಬಿಂದು ಎರಡೂ ಇನ್ಹೇಲರುಗಳನ್ನು ಔಷಧಿಯ ಚೀಲದಲ್ಲಿ ಹಾಕಿ ಸೂಟ್‌ಕೇಸಿನಲ್ಲಿಟ್ಟಳು.

ಸುಂದರಮ್ಮ ದಿನಾ ಬೆಳಿಗ್ಗೆ ದೇವರಿಗೆ ಮಂಗಳಾರತಿ ಎತ್ತದೆ ಕಾಫಿ ಕುಡಿದವರಲ್ಲ. ಹಡಗಿನಲ್ಲಿ ಬೆಂಕಿ ಹಚ್ಚುವ ಹಾಗಿಲ್ಲ, ಕರ್ಪೂರ ಬೆಂಕಿಪೊಟ್ಟಣ ತರಲೇಬಾರದು ಎಂದು ಮೊದಲೇ ಹೇಳಿದ್ದರು. "ಬಿಡಿ, ಐದು ದಿನ ಮನಸ್ಸಲ್ಲೇ ಕೈ ಮುಗೀತೀನಿ. ದೇವರೇನು ಕೋಪ ಮಾಡ್ಕೊಳ್ಳಲ್ಲ," ಎಂದು ಆಕೆ ಒಪ್ಪಿಕೊಂಡಿದ್ದರು. ಒಪ್ಪದವರು ಶೀನಣ್ಣ. ಎರಡನೆಯ ದಿನವೇ ಮದುವೆಯ ದಿನ. ಅವತ್ತು ಬೆಳಿಗ್ಗೆ ಸಮುದ್ರದ ಮೇಲೆ ಹೆಂಡತಿಯ ಕೈಯಿಂದ ಒಂದು ಆರತಿ ಎತ್ತಿಸಿ ಬೆರಗುಗೊಳಿಸಬೇಕು ಎಂಬ ಆಸೆ ಅವರದು. ಮಗಳು ಹೋದ ಮೇಲೆ, ಬೆಳ್ಳಿಯ ಪುಟ್ಟ ಹಲಗಾರತಿ, ಕರ್ಪೂರದ ಡಬ್ಬಿ, ಒಂದು ಬೆಂಕಿಪೊಟ್ಟಣ, ಮೂರನ್ನೂ ಪಂಚೆಯಲ್ಲಿ ಸುತ್ತಿ ಸೂಟ್‌ಕೇಸಿನ ತಳಕ್ಕೆ ತುರುಕಿದರು. ನಲವತ್ತು ವರ್ಷದಲ್ಲಿ ಹೆಂಡತಿಗೆ ಒಂದು ಒಳ್ಳೆಯ ಮಾತು ಬಾಯಿಬಿಟ್ಟು ಆಡದ ಮನುಷ್ಯನಿಗೆ ಪ್ರೀತಿ ತೋರಿಸಲು ಬೇರೆ ದಾರಿ ಹೊಳೆಯಲಿಲ್ಲ.

ಸ್ಕ್ಯಾನ್ ಯಂತ್ರ ಪ್ರೀತಿಯನ್ನು ನೋಡುವುದಿಲ್ಲ, ಬೆಂಕಿಪೊಟ್ಟಣವನ್ನು ನೋಡುತ್ತದೆ. ಮಧ್ಯಾಹ್ನ ಎರಡೂವರೆಗೆ ರೂಮಿನ ಬಾಗಿಲ ಕೆಳಗಿಂದ ಒಂದು ಚೀಟಿ ಒಳಗೆ ಬಂತು. ನಿಮ್ಮ ಸಾಮಾನಿನಲ್ಲಿ ನಿಷೇಧಿತ ವಸ್ತುವಿದೆ, ಕೆಳಗಿನ ಅಂತಸ್ತಿನ ಸೆಕ್ಯುರಿಟಿ ಕೋಣೆಗೆ ಬಂದು, ಎದುರಿಗೆ ತೆಗೆಸಿ, ಸೂಟ್‌ಕೇಸು ತೆಗೆದುಕೊಂಡು ಹೋಗಿ ಎಂದು ಬರೆದಿತ್ತು. ಹತ್ತು ನಿಮಿಷದ ಕೆಲಸ. ಇಂಥವು ದಿನಕ್ಕೆ ಐವತ್ತು ಬರುತ್ತವೆ, ಅಲ್ಲಿಯವರು ಮುಖ ಕೂಡ ಎತ್ತಿ ನೋಡುವುದಿಲ್ಲ.

ಆದರೆ ಶೀನಣ್ಣ ಯಾರು? ಪರೀಕ್ಷೆಯ ದಿನ ಹುಡುಗರ ಜೇಬು ತಡಕಿ ಕಾಪಿ ಚೀಟಿ ಹಿಡಿದು, ಕಿವಿ ಹಿಂಡಿ, ಹೆಡ್‌ಮಾಸ್ಟರ ಮುಂದೆ ನಿಲ್ಲಿಸಿದವರು. ಅಂಥವರು ಈಗ ಕಳ್ಳಸಾಮಾನು ಸಿಕ್ಕವರ ಸಾಲಿನಲ್ಲಿ ನಿಂತು ಪಂಚೆ ಬಿಡಿಸಿ ತೋರಿಸಬೇಕು. ಅದೇ ಹಡಗಿನಲ್ಲಿ ಬೆಂಗಳೂರಿನ ಹನ್ನೆರಡು ಜೋಡಿ ಬೇರೆ ಇದ್ದವು, ಅದರಲ್ಲಿ ಮೂರು ಜೋಡಿ ಬಸವನಗುಡಿಯವರೇ. ಅವರು ನೋಡಿದರೆ? ರಾತ್ರಿ ಊಟದ ಹೊತ್ತಿಗೆ ಜನ ಕಡಿಮೆಯಾಗುತ್ತಾರೆ, ಆಗ ಹೋದರಾಯಿತು ಎಂದು ಚೀಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಮರ್ಯಾದೆ ಎನ್ನುವುದು ಎಂಥ ಹಾಳು ಪದಾರ್ಥ ನೋಡಿ.

ಐದಕ್ಕೆ ಹಡಗು ಹೊರಟಿತು. ಎಲ್ಲರೂ ಮೇಲಿನ ಅಂತಸ್ತಿನಲ್ಲಿ ಗಾಳಿಗೆ ನಿಂತು ದಡ ನೋಡಿದರು. ಚಿಮಣಿಯ ಹೊಗೆಯೋ, ತಣ್ಣನೆಯ ಗಾಳಿಯೋ, ಆರೂ ಇಪ್ಪತ್ತಕ್ಕೆ ಸುಂದರಮ್ಮನಿಗೆ ಕೆಮ್ಮು ಶುರುವಾಯಿತು. ರೂಮಿಗೆ ಬರುವಷ್ಟರಲ್ಲಿ ಉಸಿರು ಸಿಗುತ್ತಿರಲಿಲ್ಲ. ಶೀನಣ್ಣ ಫೋನು ಮಾಡಿ ಡಾಕ್ಟರನ್ನು ಕರೆಯುವುದು ಬಿಟ್ಟು, ಚೀಟಿ ಹಿಡಿದು ಕೆಳಗೆ ಓಡಿದರು. ಅಲ್ಲಿಯವರು ಔಷಧಿ ಎಂಬ ಮಾತು ಕೇಳಿದ ಕ್ಷಣವೇ ಡಾಕ್ಟರಿಗೆ ಫೋನು ಮಾಡಿ, ಸೂಟ್‌ಕೇಸು ಬಿಡಿಸಿ ಕೊಟ್ಟರು. ಡಾಕ್ಟರು ಮಾಡಬೇಕಾದದ್ದನ್ನೆಲ್ಲ ಮಾಡಿದರು. ಎಂಟೂವರೆಗೆ ಸುಂದರಮ್ಮ ಹೋಗಿಬಿಟ್ಟರು. ಮಾರನೆಯ ದಿನ ಮುಂದಿನ ಬಂದರಿನಲ್ಲಿ ಶೀನಣ್ಣ ಹೆಂಡತಿಯ ದೇಹದೊಂದಿಗೆ ಇಳಿದರು. ಅವತ್ತೇ ಅವರ ಮದುವೆಯ ದಿನವಾಗಿತ್ತು.

ಮನೆಯಲ್ಲಿ ನೆಂಟರ ನಡುವೆ ಬಿಂದು ತಲೆ ಚಚ್ಚಿಕೊಂಡು ಅತ್ತಳು. "ನಾನೇ ಅಪ್ಪ, ನಾನೇ ಅಮ್ಮನ್ನ ಕೊಂದೆ. ಇನ್ಹೇಲರ್ ಪೆಟ್ಟಿಗೆಗೆ ಹಾಕಿದೋಳು ನಾನು." ಶೀನಣ್ಣ ಬಾಯಿ ತೆರೆದರು. ಸುತ್ತ ಹದಿನೈದು ಜನ ನಿಂತಿದ್ದರು. "ಹಣೆಬರಹ ಮಗಳೇ," ಎಂದುಬಿಟ್ಟರು. ಹದಿನೈದು ಜನ ಹೋದ ಮೇಲೂ ಹೇಳಲಿಲ್ಲ. ವೈಕುಂಠ ಸಮಾರಾಧನೆ ಮುಗಿದ ಮೇಲೆ ಹೇಳೋಣ ಎಂದುಕೊಂಡರು, ವರ್ಷಾಬ್ದಿಕ ಕಳೆಯಲಿ ಎಂದುಕೊಂಡರು. ಬಿಂದು ಪ್ರತಿ ಭಾನುವಾರ ಹುಳಿ ಪಲ್ಯ ಮಾಡಿಕೊಂಡು ಬರುತ್ತಿದ್ದಳು, ತಪ್ಪು ಮಾಡಿದವಳ ಹಾಗೆ ಅಪ್ಪನ ಮುಖ ನೋಡದೆ ಬಡಿಸುತ್ತಿದ್ದಳು. ಶೀನಣ್ಣ ಉಂಡು ಕೈ ತೊಳೆಯುತ್ತಿದ್ದರು. ಇದನ್ನು ಬರೆಯುವಾಗ ನನಗೆ ಅವರ ಮೇಲೆ ಕೋಪ ಬರುತ್ತದೆ. ಕೋಪದ ಹಿಂದೆಯೇ ಕನಿಕರವೂ ಬಂದುಬಿಡುತ್ತದೆ, ಅದೇ ಕಷ್ಟ.

ಹೋದ ಶನಿವಾರ ಶೀನಣ್ಣ ಮಹಡಿ ಹತ್ತಿ ಹೋದಾಗ ಮುಂದಿನ ಸಾಲಿನಲ್ಲಿ ಬೀಗರು ಕೂತಿದ್ದರು, ಬಿಂದುವಿನ ಅತ್ತೆ ಮಾವ. ಅವರೂ ಹಡಗಿಗೆ ಹೊರಟಿದ್ದರು. ಪಕ್ಕದಲ್ಲಿ ನೋಟ್‌ಬುಕ್ಕು ಪೆನ್ನು ಹಿಡಿದು ಬಿಂದು. ಅವಳು ಈ ಪಾಠಕ್ಕೆ ಯಾವತ್ತೂ ಬಂದಿರಲಿಲ್ಲ. ಶೀನಣ್ಣ ಕಾಫಿ ಲೋಟವನ್ನು ಹಾಗೇ ಪಕ್ಕಕ್ಕಿಟ್ಟರು. ಗಡಿಯಾರದ ಮಾತು, ರೂಮಿನ ಮಾತು, ಊಟದ ಮಾತು ಹೇಗೋ ಮುಗಿಸಿದರು. ಬಿಎಂಟಿಸಿಯ ಮಾತಿಗೆ ಎಲ್ಲರೂ ನಕ್ಕರು, ಬಿಂದು ಬರೆದುಕೊಂಡಳು. ಔಷಧಿಯ ಮಾತು ಬಂತು.

"ದೊಡ್ಡ ಪೆಟ್ಟಿಗೇಲಿ ಔಷಧಿ..." ಎಂದು ಶೀನಣ್ಣ ಶುರುಮಾಡುವಷ್ಟರಲ್ಲಿ ಬಿಂದು ಎದ್ದು ನಿಂತಳು.

"ಇದನ್ನ ನಾನು ಹೇಳ್ತೀನಿ ಅಪ್ಪ, ಒಂದ್ನಿಮಿಷ," ಎಂದು ಜನರ ಕಡೆ ತಿರುಗಿದಳು. "ನಾನು ಇವರ ಮಗಳು. ನಮ್ಮಮ್ಮನ ಇನ್ಹೇಲರ್‌ನ ನಾನೇ ಸೂಟ್‌ಕೇಸಲ್ಲಿ ಇಟ್ಟೆ. ತಿಂಡಿಗೆ ಜಾಗ ಮಾಡಕ್ಕೆ ಹೋಗಿ ಔಷಧೀನ ಆಚೆ ಹಾಕ್ದೆ. ಅದಕ್ಕೇ ಅಮ್ಮ ಇಲ್ಲ ಇವತ್ತು. ನಿಮ್ಮನೇಲಿ ಯಾರು ಪೆಟ್ಟಿಗೆ ತುಂಬ್ತಾರೋ ಅವರಿಗೆ ದಯವಿಟ್ಟು ಇದನ್ನ ಹೇಳಿ. ನನ್ನ ಹೆಸರು ಹಿಡಿದೇ ಹೇಳಿ, ಪರವಾಗಿಲ್ಲ."

ಬೀಗಿತ್ತಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಗಳು ಇಪ್ಪತ್ತು ಜನ ಅಪರಿಚಿತರ ಮುಂದೆ, ಸ್ವಂತ ಅತ್ತೆ ಮಾವನ ಮುಂದೆ, ತನ್ನದಲ್ಲದ ಕೊಲೆಯನ್ನು ತಲೆಯ ಮೇಲೆ ಹೊತ್ತು ನಿಂತಿದ್ದಳು. ಶೀನಣ್ಣನಿಗೆ ಇನ್ನು ತಡೆಯಲಾಗಲಿಲ್ಲ.

"ಸುಳ್ಳು," ಎಂದರು. "ಕೂತ್ಕೋ ಬಿಂದು. ಸುಳ್ಳದು."

ಆಮೇಲೆ ಎಲ್ಲವನ್ನೂ ಹೇಳಿದರು. ಆರತಿ, ಕರ್ಪೂರ, ಬೆಂಕಿಪೊಟ್ಟಣ, ಚೀಟಿ. ಒಂದನ್ನೂ ಬಿಡಲಿಲ್ಲ. ಬೀಗರ ಮುಖ ನೋಡಿಕೊಂಡೇ ಹೇಳಿದರು. "ಬೇರೆಯವರ ಸೂಟ್‌ಕೇಸೆಲ್ಲ ನಾಲ್ಕು ಗಂಟೆಗೇ ರೂಮಿಗೆ ಬಂದಿತ್ತು. ನಮ್ದು ಬರದೆ ಇದ್ದಿದ್ದು ನನ್ನಿಂದ. ತರಬಹುದಾಗಿತ್ತು, ತರದೆ ಇದ್ದಿದ್ದೂ ನಾನೇ. ನನ್ನ ಮಗಳದ್ದು ಏನೂ ತಪ್ಪಿಲ್ಲ."

ಬಿಂದು ಕೂತಿರಲಿಲ್ಲ. "ಚೀಟಿ ಎಷ್ಟು ಗಂಟೆಗೆ ಬಂತು?" ಎಂದಳು.

"ಎರಡೂವರೆಗೆ."

"ಅಮ್ಮ ಕೇಳಿದ್ಲಾ, ಪೆಟ್ಟಿಗೆ ಎಲ್ಲಿ ಅಂತ?"

"ಮೂರು ಸಲ ಕೇಳಿದ್ಲು."

"ನೀವೇನಂದ್ರಿ?"

"ಬರತ್ತೆ ಬಿಡು, ಅವಸರ ಏನು ಅಂದೆ."

ಬಿಂದು ನೋಟ್‌ಬುಕ್ಕು ಮುಚ್ಚಿದಳು. ಅಳಲಿಲ್ಲ. ಅತ್ತಿದ್ದರೆ ಶೀನಣ್ಣನಿಗೆ ಸುಲಭವಾಗುತ್ತಿತ್ತು.

"ಎರಡು ವರ್ಷ ಆಯ್ತು ಅಪ್ಪ, ಇಂಚರಾನ ಸ್ಕೂಲ್ ಬ್ಯಾಗ್ ನಾನು ಮುಟ್ಟಿಲ್ಲ," ಎಂದಳು. "ಎಂಟು ವರ್ಷದ ಮಗು. ನೀರಿನ ಬಾಟ್ಲು ಇಡಕ್ಕೂ ಅವರಪ್ಪನ್ನೇ ಕರೀತೀನಿ. ನಾನಿಟ್ರೆ ಏನೋ ಆಗತ್ತೆ ಅಂತ ಭಯ ನಂಗೆ. ನೀವು ಭಾನುವಾರ ಭಾನುವಾರ ನನ್ನ ಕೈಲೇ ಬಡಿಸ್ಕೊಂಡು ಊಟ ಮಾಡ್ತಿದ್ರಿ."

ಇಷ್ಟು ಹೇಳಿ, ಅತ್ತೆಯ ಕೈ ಹಿಡಿದು ಎಬ್ಬಿಸಿ, ಮೆಟ್ಟಿಲಿಳಿದು ಹೋದಳು. ಬೀಗರು ಹೋಗುತ್ತ ಶೀನಣ್ಣನ ಭುಜ ಒಮ್ಮೆ ಮುಟ್ಟಿದರು. ಉಳಿದವರು ಕೂತೇ ಇದ್ದರು. ಅನಿಲ್ ಕುಮಾರ್ ನೀರು ತಂದುಕೊಟ್ಟು, "ಇವತ್ತಿಗೆ ಸಾಕು ಸಾರ್," ಎಂದ. ಶೀನಣ್ಣ ಒಪ್ಪಲಿಲ್ಲ. ನಿಂತೇ ಉಳಿದದ್ದನ್ನು ಮುಗಿಸಿದರು: ಬಾಗಿಲಿಗೆ ಚೀಟಿ ಬಂದರೆ ಆಗಲೇ ಹೋಗಿ, ಉಸಿರು ಕಟ್ಟಿದರೆ ಮೊದಲು ಡಾಕ್ಟರಿಗೆ ಫೋನು ಮಾಡಿ.

ಮಾರನೆಯ ದಿನ ಭಾನುವಾರ. ಬಿಂದು ಬರಲಿಲ್ಲ. ಒಂದೂವರೆಯ ತನಕ ಕಾದು, ಶೀನಣ್ಣ ಮೊಸರನ್ನ ಕಲಸಿಕೊಂಡರು. ಎರಡು ತುತ್ತಿಗಿಂತ ಹೆಚ್ಚು ಸೇರಲಿಲ್ಲ.

ಸೋಮವಾರ ಬೆಳಿಗ್ಗೆ ಏಳೂವರೆಗೆ ಮನಸ್ಸು ಗಟ್ಟಿಮಾಡಿ ಮಗಳಿಗೆ ಫೋನು ಮಾಡಿದರು. ಎತ್ತಿದ್ದು ಮೊಮ್ಮಗಳು.

"ತಾತ, ಅಮ್ಮಂಗೆ ಈಗ ಆಗಲ್ಲ. ನನ್ನ ಬ್ಯಾಗ್ ತುಂಬ್ತಿದಾಳೆ."

ಶೀನಣ್ಣನಿಗೆ ಕಿವಿಯನ್ನು ನಂಬಲಾಗಲಿಲ್ಲ. "ಯಾರು ಪುಟ್ಟಿ? ಅಮ್ಮಾನೇ ತುಂಬ್ತಿದಾಳಾ?"

"ಹೂಂ ತಾತ. ಡಬ್ಬಿ, ಬಾಟ್ಲು, ಎಲ್ಲಾ ಅವಳೇ ಇಡ್ತಿದಾಳೆ." ಆಚೆಯಿಂದ ಬಿಂದು ಏನೋ ಹೇಳಿದ್ದು ಕೇಳಿಸಿತು. ಮಗು ಸಣ್ಣ ದನಿಯಲ್ಲಿ ಹೇಳಿತು. "ಆಮೇಲೆ ಮಾಡ್ತೀರಾ ತಾತ? ಇಲ್ಲ... ಅಮ್ಮಂಗೆ ಆಮೇಲೂ ಬೇಡ್ವಂತೆ."

"ಆಗಲಿ ಪುಟ್ಟಿ. ಬ್ಯಾಗ್ ತುಂಬಲಿ ಅವಳು," ಎಂದರು ಶೀನಣ್ಣ.