ಅಣ್ಣನ ಸಹಿಯ ಮೇಲೆ ನಡೆದ ಧಾರಾವಾಹಿ

ಆಕೆ ಹದಿನೇಳು ವರ್ಷದಿಂದ ಒಂದೇ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದಳು. ಹುಟ್ಟುವಾಗಲೇ ಮೆದುಳಿಗೆ ಪೆಟ್ಟಾಗಿ ನಡಿಗೆ ಓಲಾಡುತ್ತಿತ್ತು, ಮಾತು ನಾಲಿಗೆಯಲ್ಲಿ ತೊಡರಿಕೊಂಡು ಹೊರಬರುತ್ತಿತ್ತು. ಕಣ್ಣಿಗೆ ಮಾತ್ರ ಯಾವ ತೊಡಕೂ ಇರಲಿಲ್ಲ. ಔಷಧಶಾಸ್ತ್ರದ ದಪ್ಪ ಪುಸ್ತಕ ಬಂದರೆ ಮಾಲೀಕರು ಅದನ್ನು ಬೇರೆ ಯಾರ ಮೇಜಿಗೂ ಹಾಕುತ್ತಿರಲಿಲ್ಲ.

ಇಂಥವಳಿಗೆ ತಿಳುವಳಿಕೆಯಿಲ್ಲ ಎಂದು ಕೋರ್ಟು ತೀರ್ಮಾನಿಸಿತ್ತು. ಒಂಬತ್ತು ವರ್ಷದ ಹಿಂದೆ, ಅಮ್ಮ ಸತ್ತಾಗ, ಅಣ್ಣ ಅರ್ಜಿ ಹಾಕಿದ್ದ. ಡಾಕ್ಟರೊಬ್ಬರು ಇವತ್ತು ಯಾವ ವಾರ ಎಂದು ಕೇಳಿದರು. ಆಕೆ ‘ಗುರುವಾರ’ ಎನ್ನುವಷ್ಟರಲ್ಲಿ ಅವರು ವರದಿ ಬರೆದು ಮುಗಿಸಿದ್ದರು. ಅಂದಿನಿಂದ ಅಣ್ಣನೇ ಗಾರ್ಡಿಯನ್. ಸಿಮ್ ಕೊಳ್ಳಲೂ ಅವನ ಸಹಿ, ಹಲ್ಲು ಕೀಳಿಸಲೂ ಅವನ ಸಹಿ. ನೆಂಟರೆದುರು, “ನಮ್ಮ ಪುಟ್ಟಿಗೆ ನಾನೇ ಅಪ್ಪ, ನಾನೇ ಅಮ್ಮ” ಎಂದು ಹೇಳುತ್ತಿದ್ದ. ಪುಟ್ಟಿಗೆ ಈಗ ನಲವತ್ತೊಂದು.

ಒಂದು ದಿನ ಅತ್ತಿಗೆಯ ಪರಿಚಯದ ಟೀವಿ ನಿರ್ದೇಶಕ ಮನೆಗೆ ಬಂದ. ಅಂಗವಿಕಲರ ಹಕ್ಕುಗಳ ಮೇಲೆ ಧಾರಾವಾಹಿ ಮಾಡುತ್ತಾನಂತೆ, ನಿಜವಾದ ಕಥೆ ಬೇಕಂತೆ. ಆಕೆ ಎದುರಿಗೇ ಕೂತಿದ್ದರೂ ಅವನು ಕೇಳಿದ್ದು ಅಣ್ಣನನ್ನು.

“ಇವರಿಗೆ ನಾವು ಹೇಳಿದ್ದು ಗೊತ್ತಾಗತ್ತಾ ಸಾರ್?”

“ಅಲ್ಪಸ್ವಲ್ಪ” ಎಂದ ಅಣ್ಣ.

ಅವಳ ಜೀವನದ ಕಥೆಯನ್ನು ಧಾರಾವಾಹಿಗೆ ಕೊಟ್ಟಿದ್ದೇನೆ ಎಂಬ ಕಾಗದಕ್ಕೂ ಅಣ್ಣನೇ ಸಹಿ ಹಾಕಿದ. ಹಕ್ಕುಗಳ ಮೇಲಿನ ಧಾರಾವಾಹಿ ಹೀಗೆ ಶುರುವಾಯಿತು.

ಆಮೇಲೆ ನಾಯಕಿ ಬಂದಳು, ಪಾತ್ರ ಅಧ್ಯಯನ ಮಾಡಲು. ಮೂರು ದಿನ ಕತ್ತು ಓರೆ ಮಾಡಿಕೊಂಡು ಕನ್ನಡಿ ಮುಂದೆ ನಿಂತಳು.

“ಅಕ್ಕಾ, ನಿಮಗೆ ಜೊಲ್ಲು ಯಾವಾಗ ಸುರಿಯತ್ತೆ?”

“ನಿನ್ನಂಥೋರು ಬಂದಾಗ.”

ನಾಯಕಿಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಆಕೆಯ ಕೆನ್ನೆ ಹಿಂಡಿ, “ಎಷ್ಟು ಮುದ್ದಾಗಿ ಮಾತಾಡ್ತಾರೆ ನೋಡಿ” ಎಂದಳು.

ಗಾರ್ಡಿಯನ್ ಓದಿ ಒಪ್ಪಲಿ ಎಂದು ಚಿತ್ರಕಥೆಯ ಪ್ರತಿ ಮನೆಗೆ ಬಂತು. ಅಣ್ಣ ಅದನ್ನು ಫ್ರಿಜ್ಜಿನ ಮೇಲೆ ಎಸೆದ. ಓದಿದವಳು ಆಕೆ. ಕಥಾನಾಯಕಿ ಮನೆ ಬಿಟ್ಟು ಹೋಗುತ್ತಾಳೆ, ಬೀದಿಯಲ್ಲಿ ಎಡವಿ ಬೀಳುತ್ತಾಳೆ, ವಾಪಸು ಬಂದು ಅಣ್ಣನ ಕಾಲು ಹಿಡಿಯುತ್ತಾಳೆ. ಇಂಥ ಎಂಜಲು ಕಥೆಗೆ ನೂರೆಂಬತ್ತು ಪುಟ. ಕೋರ್ಟಿನ ದೃಶ್ಯದಲ್ಲಿ ವಕೀಲೆಯ ಒಂದು ಮಾತಿತ್ತು: ಗಾರ್ಡಿಯನ್ ಆದೇಶ ಶಾಶ್ವತವಲ್ಲ, ಆ ವ್ಯಕ್ತಿಯೇ ಅರ್ಜಿ ಹಾಕಿ ರದ್ದು ಮಾಡಿಸಬಹುದು. ಅದರ ಮೇಲೆ ಯಾರೋ ಗೀಟೆಳೆದು ಬರೆದಿದ್ದರು: “ಬೋರು. ತೆಗೆಯಿರಿ.”

ಆಕೆ ಆ ಸಾಲನ್ನು ಮೂರು ಸಲ ಓದಿದಳು. ಅಣ್ಣನ ಮೇಲೆ, ನಿರ್ದೇಶಕನ ಮೇಲೆ ಇದ್ದ ತಾತ್ಸಾರವೆಲ್ಲ ಒಮ್ಮೆಲೇ ತನ್ನ ಕಡೆಗೇ ತಿರುಗಿತು. ಊರಿನವರ ಅಲ್ಪಪ್ರಾಣ, ಮಹಾಪ್ರಾಣ ತಿದ್ದಿದವಳು, ಒಂಬತ್ತು ವರ್ಷದಲ್ಲಿ ಒಮ್ಮೆಯೂ ಇದನ್ನು ಯಾರಲ್ಲೂ ವಿಚಾರಿಸಿರಲಿಲ್ಲ.

ಚಿತ್ರಕಥೆಗೆ ಸಲಹೆ ಕೊಟ್ಟ ವಕೀಲೆಯ ಹೆಸರು ಮೊದಲ ಪುಟದಲ್ಲಿತ್ತು. ಊಟದ ಬಿಡುವಿನಲ್ಲಿ ಆಕೆ ಅವರ ಕಚೇರಿಯ ಮೆಟ್ಟಿಲು ಹತ್ತಿದಳು. ವಕೀಲೆ ಸುಮ್ಮನೆ ತಲೆಯಾಡಿಸಲಿಲ್ಲ.

“ಇನ್ನೊಂದ್ಸಲ ಹೇಳಿ, ನನಗೆ ಗೊತ್ತಾಗ್ಲಿಲ್ಲ” ಎಂದರು. ಆಕೆ ಇನ್ನೊಂದು ಸಲ ಹೇಳಿದಳು.

ಆದೇಶ ರದ್ದು ಮಾಡಿ ಎಂದು ಆಕೆ ಹಾಕಿದ ಅರ್ಜಿಯ ವಿಚಾರಣೆಯಲ್ಲಿ ಅಣ್ಣ ಕಣ್ಣೊರೆಸಿಕೊಂಡ. “ಸ್ವಾಮಿ, ಇವಳಿಗೆ ಗ್ಯಾಸ್ ಹಚ್ಚೋಕೂ ಬರಲ್ಲ.”

ನ್ಯಾಯಾಧೀಶರು ಆಕೆಯ ಕಡೆ ನೋಡಿದರು. ಉತ್ತರಕ್ಕೆ ಎರಡು ನಿಮಿಷ ಹಿಡಿಯಿತು.

“ಗ್ಯಾಸ್ ಹಚ್ಚೋಕೆ ಬರಲ್ಲ, ನಿಜ. ಅಣ್ಣನಿಗೆ ಕಾಗುಣಿತ ಬರಲ್ಲ. ಅವನು ಕೊಟ್ಟ ಹೇಳಿಕೇಲಿ ಹನ್ನೊಂದು ತಪ್ಪಿದೆ. ಅವನಿಗೆ ಯಾರು ಗಾರ್ಡಿಯನ್?”

ನ್ಯಾಯಾಧೀಶರು ನಗಲಿಲ್ಲ. ಹೇಳಿಕೆಯ ಹಾಳೆಯನ್ನು ಒಮ್ಮೆ ತಿರುವಿ ನೋಡಿ, ಬೇರೆ ಡಾಕ್ಟರಿಂದ ಪರೀಕ್ಷೆಗೆ ಬರೆದರು. ನಾಲ್ಕನೇ ತಿಂಗಳು ಹಳೆಯ ಆದೇಶ ರದ್ದಾಯಿತು.

ಧಾರಾವಾಹಿ ಅಷ್ಟರಲ್ಲಿ ಟೀವಿಯಲ್ಲಿ ಬರಲು ಶುರುವಾಗಿತ್ತು. ಬೇಕಾದರೆ ನಿಲ್ಲಿಸಬಹುದು ಎಂದರು ವಕೀಲೆ. “ಬಿಡಿ ಮೇಡಂ. ಅದರಲ್ಲಿರೋದು ನಾನಲ್ಲ” ಎಂದಳು. ಮನೆಮನೆಯಲ್ಲಿ ಜನ ಅತ್ತರು. ಎಲ್ಲರಿಗಿಂತ ಹೆಚ್ಚು ಅತ್ತವನು ಅಣ್ಣ.

ಆಕೆ ಮುದ್ರಣಾಲಯದ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದು, ಕರೆಂಟಿನ ಒಲೆ ಇಟ್ಟುಕೊಂಡಳು. ಮೊದಲ ಭಾನುವಾರವೇ ಅಣ್ಣ ಬಂದು ಬಾಗಿಲು ತಟ್ಟದೆ ಒಳಗೆ ನುಗ್ಗಿದ.

“ಇಲ್ಲಿಗೆ... ಬರೋ ಮುಂಚೆ...” ಎಂದು ಆಕೆ ಶುರುಮಾಡಿದಳು.

“ಹಣ್ಣು ತರಬೇಕಿತ್ತಾ? ತಂದಿದೀನಿ ಪುಟ್ಟಿ.”

ಆಕೆ ಮೊದಲಿನಿಂದ ಶುರುಮಾಡಿದಳು. ಅವನು ಮತ್ತೆ ನಡುವೆ ಬಾಯಿ ಹಾಕಿದ. ಆಕೆ ಮತ್ತೆ ಮೊದಲಿನಿಂದ ಶುರುಮಾಡಿದಳು. ನಾಲ್ಕನೇ ಸಲಕ್ಕೆ ಅವನು ಹಣ್ಣಿನ ಚೀಲ ಹಿಡಿದುಕೊಂಡೇ ಸುಮ್ಮನೆ ನಿಂತ.

“ಇಲ್ಲಿಗೆ ಬರೋ ಮುಂಚೆ ಫೋನ್ ಮಾಡು” ಎಂದಳು.