ಕಿಟಕಿಯಲ್ಲಿ ಕಂಡಷ್ಟು ಸೈನ್ಯ

ತಮಿಳು ಸೀಮೆಯ ಸೂಲೂರಿನಲ್ಲಿ, ಕನ್ನಡ ಮಾತಾಡುವ ನೇಕಾರರ ಬೀದಿಯಲ್ಲಿ, ವೆಲ್ಲಿಂಗಿರಿಯನ್ನು ಇಡಿಯಾಗಿ ಕಂಡವರು ಕಡಿಮೆ. ಗುಂಡಿಮಗ್ಗದೊಳಗೆ ಕಾಲಿಳಿಬಿಟ್ಟು ಕೂತವನನ್ನು ಬಂದವರು ಸೊಂಟದಿಂದ ಮೇಲಕ್ಕೆ ನೋಡಿ, ಮಾತಾಡಿಸಿ, ಹೋಗುತ್ತಿದ್ದರು. ಅವನಿಗೂ ಊರು ಅರ್ಧವೇ ಕಾಣುತ್ತಿತ್ತು. ಬಟ್ಟೆಯ ಮೇಲೆ ಬೆಳಕು ಬೀಳಲೆಂದು ಮಗ್ಗದ ಪಕ್ಕ ನೆಲಕ್ಕೆ ಅಂಟಿದ ಹಾಗೆ ಒಂದು ಕಿಟಕಿ. ಅದರಲ್ಲಿ ಬೀದಿಯವರ ಕಾಲುಗಳಷ್ಟೇ ಓಡಾಡುತ್ತಿದ್ದವು.

ಬೆಳಿಗ್ಗೆ ಊರಾಚೆಯ ವಾಯುಪಡೆ ನೆಲೆಯ ಹುಡುಗರು ಆ ಬೀದಿಯಲ್ಲಿ ಕವಾಯತು ಹೋಗುವಾಗ ಅವನ ಲಾಳಿ ನಿಲ್ಲುತ್ತಿತ್ತು. ಬೂಟು, ಕಾಲುಚೀಲದ ಮಡಿಕೆ, ಮಂಡಿ. ಯಾವ ಬೂಟಿನ ಹಿಮ್ಮಡಿ ಸವೆದಿದೆ, ಯಾರು ಎಡಗಾಲನ್ನು ಸ್ವಲ್ಪ ಎಳೆಯುತ್ತಾರೆ, ಎಲ್ಲ ಅವನಿಗೆ ಗೊತ್ತು. ಅವರು ತಿರುವು ದಾಟಿದ ಮೇಲೆ ಲಾಳಿ ಮತ್ತೆ ಓಡುತ್ತಿತ್ತು.

ಹದಿನೆಂಟರ ಪ್ರಾಯದಲ್ಲಿ ಅವನೂ ಕೊಯಮತ್ತೂರಿಗೆ ಹೋಗಿ ಸೈನ್ಯದ ಸಾಲಿನಲ್ಲಿ ನಿಂತಿದ್ದ. ಎದೆ ಅಳೆದರು, ಓಡಿಸಿದರು, ಆಯ್ತು ಅಂದರು. ಅಷ್ಟರಲ್ಲಿ ಅಪ್ಪ ಬಂದು ರಟ್ಟೆ ಹಿಡಿದು ಎಳೆದುಕೊಂಡು ಬಂದ. "ಕತ್ತಿ ಇಡಿಯೋ ಮನೆ ಮೊದಲ್ನೇ ಮಗ ಊರು ಬುಟ್ರೆ ಅಮ್ಮನ್ನ ಕರೆಯೋರು ಯಾರ್ರಾ?"

ಅದು ಅವರ ಕುಲದ ಕಟ್ಟಳೆ. ವಿಜಯದಶಮಿಯ ದಿನ ಚೌಡೇಶ್ವರಿಯ ಕಲಶ ಹೊರಟಾಗ ವೀರಕುಮಾರರೆಂಬವರು ಕತ್ತಿಯಿಂದ ತಮ್ಮ ಎದೆಯನ್ನೇ ಹೊಡೆದುಕೊಂಡು ಅವಳನ್ನು ಕರೆಯಬೇಕು. ಮೊದಲ ಏಟು ವೆಲ್ಲಿಂಗಿರಿಯ ಮನೆಯದು. ಅದು ಬೀಳದೆ ತಾಯಿ ಹೆಜ್ಜೆ ಎತ್ತುವುದಿಲ್ಲ ಎಂದು ನಂಬಿಕೆ. ಹಾಗಾಗಿ ವರ್ಷಕ್ಕೊಂದು ದಿನ ಅವನು ವೀರ. ಉಳಿದ ದಿನ ಗುಂಡಿ. ವೀರನೆಂದು ಹಾರ ಹಾಕುವ ಕೈಗಳಲ್ಲಿ ಒಂದಾದರೂ ಅವನನ್ನು ಆ ಗುಂಡಿಯಿಂದ ಮೇಲೆತ್ತಲು ಚಾಚಲಿಲ್ಲ. ಹಾರ ಹಾಕುವುದು ಸುಲಭ, ಬಗ್ಗಬೇಕಾಗಿಲ್ಲ.

ಎಂಬತ್ತೊಂದನೇ ಇಸವಿಯಲ್ಲಿ ದಾವಣಗೆರೆ ಕಡೆಯ ಶಿವಲಿಂಗಪ್ಪನವರು ಆ ಬೀದಿಗೆ ಬಂದರು. ವಾಯುಪಡೆಯಲ್ಲಿ ವಾರಂಟ್ ಆಫೀಸರ್. ಟವಲು ಕೊಳ್ಳಲು ಬಂದವರು ಒಳಗೆ ಕನ್ನಡ ಕೇಳಿ ಚಪ್ಪಲಿ ಬಿಟ್ಟು ಕೂತೇಬಿಟ್ಟರು. ಕಿಟಕಿಯ ಕಟ್ಟೆಯ ಮೇಲೆ ಬೆರಳುದ್ದದ ಮರದ ಗೊಂಬೆಗಳು ನಿಂತಿದ್ದವು. ಮುರಿದ ಲಾಳಿಗಳಿಂದ ಕೆತ್ತಿದ್ದು, ನೂಲಿನ ಬಣ್ಣ ಹಚ್ಚಿದ್ದು.

"ಇವನ್ನು ಯಾರು ಮಾಡಿದ್ದು?"

"ನಾನೇ ಸಾರ್. ಸುಮ್ನೆ. ಮಗ್ಗದ ವೇಲೆ ಇಲ್ದಾಗ."

ಶಿವಲಿಂಗಪ್ಪನವರಿಗೆ ಖುಷಿಯೋ ಖುಷಿ. ಅವರ ಮನೆಯಲ್ಲೂ ಸೀಸದ ಪುಟ್ಟ ಸೈನಿಕರ ಸಂಗ್ರಹವಿತ್ತು. ಒಂದೊಂದನ್ನೇ ಎತ್ತಿ ನೋಡಿದರು: ಬಂದೂಕಿನವನೊಬ್ಬ, ಕುದುರೆಯ ಮೇಲೊಬ್ಬ ರಾಜ, ಒಬ್ಬ ಪೊಲೀಸು, ಈಟಿ ಹಿಡಿದವನೊಬ್ಬ.

"ಅಲ್ಲ ಮಾರಾಯ, ಇದು ಸಂತೆ ಆಯ್ತಲ್ಲ! ಸಂಗ್ರಹ ಅಂದಮೇಲೆ ಮೊದಲು ಒಂದು ಥೀಮ್ ಹಿಡೀಬೇಕು. ಒಂದು ಯುದ್ಧ, ಇಲ್ಲ ಒಂದು ಪಡೆ, ಇಲ್ಲ ಒಂದು ಕಾಲ. ನಿನ್ನ ಮನಸ್ಸು ಯಾವುದನ್ನು ಬಿಟ್ಟು ಕದಲೋದಿಲ್ಲವೋ ಅದನ್ನು ಹಿಡಿ. ಉಳಿದದ್ದು ಎಷ್ಟೇ ಚೆಂದ ಇರಲಿ, ಬಿಟ್ಟುಬಿಡು."

ಆಮೇಲೆ ಒಂದು ಗೊಂಬೆಯನ್ನು ಕಣ್ಣ ಹತ್ತಿರ ಹಿಡಿದು ಜೋರಾಗಿ ನಕ್ಕರು. "ಬೂಟು ನೋಡು, ಏನು ಬೂಟು! ಆದರೆ ಎಲ್ಲರಿಗೂ ಒಂದೇ ಮುಖ, ಬೆನ್ನು ಬಗ್ಗಿದೆ. ಸೊಂಟದ ಕೆಳಗೆ ಸಿಪಾಯಿ, ಮೇಲೆ ನೇಕಾರ!"

ವೆಲ್ಲಿಂಗಿರಿಯೂ ನಕ್ಕ. ಮೇಲಿನ ಅರ್ಧ ಅವನು ಕಂಡಿದ್ದರೆ ತಾನೆ?

ಆ ಮಾತು ಮಾತ್ರ ಹುಳದಂತೆ ಒಳಹೊಕ್ಕಿತು. ಥೀಮ್ ಹಿಡೀಬೇಕು. ಹೆಂಡತಿ ಈಶ್ವರಿ ರಾಟೆ ತಿರುಗಿಸುತ್ತಾ ಹೇಳಿದಳು, "ರಾಮರ ಕಪಿಸೈನ್ಯ ಮಾಡಿ. ಮೊಕ ಎಂಗಿದ್ರೂ ಯಾರೂ ಕೇಳಲ್ಲ." ಚಿಕ್ಕಪ್ಪ ಸುಬ್ಬಯ್ಯನ್, ಗುಡಿಯ ಯಜಮಾನಿಕೆಯವನು, ಮೀಸೆ ತೀಡಿದ. "ವೀರಕುಮಾರರ್ನ ಮಾಡು. ಗುಡೀಲಿ ಕಣ್ಣಾಡಿ ಪೆಟ್ಟಿಗೇಲಿ ಇಕ್ಕಿಸ್ತೀನಿ." ಮದುವೆ ನಿಶ್ಚಯಿಸಿದವರೂ ಮನೆಯ ಹಿರಿಯರೇ, ಮಗ್ಗಕ್ಕೆ ಕೂರಿಸಿದವರೂ ಅವರೇ. ಈಗ ಬೆರಳುದ್ದದ ಗೊಂಬೆಗೂ ಅವರದೇ ಅಪ್ಪಣೆ. ಇದೊಂದನ್ನಾದರೂ ತಾನೇ ಆರಿಸಬೇಕು ಎಂದು ವೆಲ್ಲಿಂಗಿರಿ ಹಲ್ಲು ಕಚ್ಚಿದ.

ಆರಿಸಿದ. ತಾನು ಸೇರಬೇಕಿದ್ದ ಸಾಲು. ನಡೆಯುತ್ತಿರುವ ಸಿಪಾಯಿಗಳ ಒಂದೇ ಸಾಲು, ಬೇರೇನೂ ಬೇಡ.

"ಭೇಷ್!" ಅಂದರು ಶಿವಲಿಂಗಪ್ಪ. "ಹಾಗಾದರೆ ವಾಯುಪಡೆ ದಿನದ ಕವಾಯತಿಗೆ ನಾನೇ ಕರ್ಕೊಂಡು ಹೋಗ್ತೀನಿ. ಎದುರಿಗೆ ನಿಂತು ಮುಖ, ಭುಜ, ಟೋಪಿ ಎಲ್ಲಾ ನೋಡು. ಅಕ್ಟೋಬರ್ ಎಂಟು. ಮುಂದಿನ ವರ್ಷಕ್ಕೆ ನಾನಿಲ್ಲಿರೋದಿಲ್ಲಪ್ಪ, ವರ್ಗ ಆಗಿದೆ."

ಆ ವರ್ಷ ಅಕ್ಟೋಬರ್ ಎಂಟಕ್ಕೇ ವಿಜಯದಶಮಿ ಬಿದ್ದಿತ್ತು.

ವೆಲ್ಲಿಂಗಿರಿ ಚಿಕ್ಕಪ್ಪನ ಮುಂದೆ ನಿಂತು ಕೇಳಿದ. "ಈ ಒಂದು ವರ್ಸ ಮೊದಲೇಟು ಬೇರೆ ಯಾರಾನಾ ಆಕ್ಲಿ, ಚಿಕ್ಕಪ್ಪಾ."

"ಏತಕ್ಕೆ?"

"ಕವಾಯತು ನೋಡಾಕೆ."

ಸುಬ್ಬಯ್ಯನ್ ಜಗಲಿಯಲ್ಲಿ ಕೂತಿದ್ದವರ ಕಡೆ ತಿರುಗಿದ. "ಕೇಳಿದ್ರಾ? ಬೊಮ್ಮೆ ಆಟಕ್ಕೆ ಅಮ್ಮನ್ನ ಬೀದೀಲಿ ನಿಲ್ಲಿಸ್ತಾನಂತೆ, ನಮ್ಮ ಮಿಲಿಟ್ರಿ!" ಎಲ್ಲರೂ ನಕ್ಕರು. ಅವನು ದನಿ ತಗ್ಗಿಸಿದ. "ಓಗಪ್ಪಾ, ಸೆರಿ. ನಿನ್ನ ಇಷ್ಟ. ಕಲಶ ಏಳದೆ ನಿಂತ್ರೆ ಜನ ನಿನ್ನ ಕೇಳಲ್ಲ. ಮಕ್ಕಳಿಲ್ದೆ ಒಬ್ಳು ಕೂತವ್ಳಲ್ಲಾ ನಿನ್ನ ಮನೇಲಿ, ಅವಳ ಕಾಲ್ಗುಣ ಅಂತಾರೆ. ನಾನು ಯಾರ ಬಾಯಿ ಅಂತ ಮುಚ್ಚಲಿ?"

ಸರಪಳಿ ಬೇಕಾಗಿಲ್ಲ ನಮ್ಮ ಜನಕ್ಕೆ. ಹೆಣ್ಣಿನ ಹೆಸರು ತೆಗೆದರೆ ಸಾಕು, ಗಂಡಸು ಇದ್ದಲ್ಲೇ ಕಟ್ಟಿಬೀಳುತ್ತಾನೆ. ಬಾಯಿ ಮುಚ್ಚಲಾರೆ ಎನ್ನುವವನೇ ಆ ಬಾಯಿಗಳಿಗೆಲ್ಲ ಯಜಮಾನ.

ಈಶ್ವರಿ ಆ ರಾತ್ರಿ ಅನ್ನ ಬಡಿಸುತ್ತಾ ಅಂದಳು, "ನೀವು ಓಗಿ. ಏನಂತಾರೋ ಅನ್ಲಿ. ನಂಗೇನು ಒಸದಾ?"

ಅವಳು ಹಾಗೆ ಅಂದದ್ದರಿಂದಲೇ ಅವನಿಗೆ ಹೋಗಲಾಗಲಿಲ್ಲ.

ವಿಜಯದಶಮಿಯ ಬೆಳಿಗ್ಗೆ ಶಿವಲಿಂಗಪ್ಪನವರು ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ ನೆಲೆಯ ಗೇಟಿನ ಬಳಿ ಅವನಿಗಾಗಿ ಕಾದು, ಗಡಿಯಾರ ನೋಡಿ, ಒಳಗೆ ಹೋದರು. ಅದೇ ಹೊತ್ತಿಗೆ ಬೀದಿಯಲ್ಲಿ ತಮಟೆ ಏರಿತ್ತು. ವೆಲ್ಲಿಂಗಿರಿ ಕತ್ತಿ ಎತ್ತಿದ. ಊರ ಮೇಲೆ ವಿಮಾನಗಳು ಸಾಲಾಗಿ ಹಾದುಹೋದವು. ಎಲ್ಲರೂ ತಲೆ ಎತ್ತಿದರು, ಅವನೊಬ್ಬನನ್ನು ಬಿಟ್ಟು. ಮೊದಲ ಏಟು ಬಿತ್ತು. ಆ ವರ್ಷ ಅವನು ಹೊಡೆದುಕೊಂಡಷ್ಟು ಬಲವಾಗಿ ಯಾವ ವರ್ಷವೂ ಹೊಡೆದುಕೊಂಡಿರಲಿಲ್ಲ. ಜನ ಅದನ್ನು ಭಕ್ತಿ ಅಂದರು.

ಮಾರನೆಯ ದಿನ ಶಿವಲಿಂಗಪ್ಪನವರು ಬೈಯಬೇಕೆಂದೇ ಬಂದರು. ವೆಲ್ಲಿಂಗಿರಿ ಎದೆಯ ಗಾಯಕ್ಕೆ ಅರಿಶಿನ ಮೆತ್ತಿಕೊಂಡು ಮಗ್ಗದಲ್ಲಿ ಕೂತಿದ್ದ. ಬೈಗುಳ ಅವರ ಬಾಯಲ್ಲೇ ಉಳಿಯಿತು. ಕಣ್ಣು ಕಿಟಕಿಯ ಕಟ್ಟೆಗೆ ಹೋಯಿತು. ರಾಜನಿಲ್ಲ, ಕುದುರೆಯಿಲ್ಲ, ಈಟಿಯವನಿಲ್ಲ. ಸಿಪಾಯಿಗಳು ಮಾತ್ರ ಸಾಲಾಗಿ ನಡೆಯುತ್ತಿದ್ದರು. ಒಬ್ಬೊಬ್ಬರನ್ನೂ ಸೊಂಟದ ಬಳಿ ನೀಟಾಗಿ ಗರಗಸದಿಂದ ಕೊಯ್ದಾಗಿತ್ತು.

"ಏನಯ್ಯಾ ಇದು? ಮೇಲಿನದ್ದೆಲ್ಲ ಎಲ್ಲಿ?"

"ಒಲೆಗೆ ಆಕ್ದೆ ಸಾರ್. ಅದು ಸುಳ್ಳು ಇತ್ತು."

ಶಿವಲಿಂಗಪ್ಪನವರು ಒಂದು ಜೊತೆ ಕಾಲುಗಳನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು. ಎಡಗಾಲನ್ನು ಸ್ವಲ್ಪ ಎಳೆಯುವ ಹುಡುಗನದು. ಗುರುತು ಹತ್ತಿತು.

"ನೀವು ಏಳಿದ್ರಲ್ಲ ಸಾರ್, ಮನಸ್ಸು ಕದಲದೇ ಇರೋದನ್ನ ಇಡಿ ಅಂತ," ಅಂದ ವೆಲ್ಲಿಂಗಿರಿ. "ಇಡಿದೆ. ಇದೇ ನನ್ನ ತೀಮು. ಕಿಟಕೀಲಿ ಕಂಡಷ್ಟು."

ಬೀದಿಯ ಕೊನೆಯಲ್ಲಿ ಬೂಟುಗಳ ಸದ್ದು ಕೇಳಿಸಿತು. ಅವನು ಲಾಳಿ ನಿಲ್ಲಿಸಿ, ಗಾಯಕ್ಕೆ ಕೈ ಒತ್ತಿಕೊಂಡು, ಕಿಟಕಿಯತ್ತ ಬಗ್ಗಿದ.